ಜೀನ್ಸ್ ನೀರು, ದಾಳಿಂಬೆ ಸಿಪ್ಪೆ, ಎರಡು ಲೋಹ

ಎಂ.ಎಸ್ಸಿ. ಪ್ರಾಜೆಕ್ಟ್ ಶುರುವಾಯಿತು ಅಂದರೆ ನಮ್ಮ ಕೆಮಿಸ್ಟ್ರಿ ಲ್ಯಾಬಿನ ತುಂಬ ಕಷಾಯದ ವಾಸನೆ. ಒಬ್ಬರು ಬೇವಿನ ಸೊಪ್ಪು ಕುದಿಸುತ್ತಿರುತ್ತಾರೆ, ಪಕ್ಕದವರು ತುಳಸಿ, ಆ ಕಡೆ ಇನ್ಯಾರೋ ನುಗ್ಗೆಸೊಪ್ಪು. ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಬೀಳುತ್ತೆ. ಸ್ವಲ್ಪ ಹೊತ್ತಿಗೆ ತಿಳಿ ಹಳದಿ, ಆಮೇಲೆ ಕಂದು. ಬೆಳ್ಳಿಯ ನ್ಯಾನೊಕಣ, ಅಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಚೂರು, ಬಂತು ಅಂತ ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ. ರಿಪೋರ್ಟಿನ ಮೊದಲ ಪುಟದಲ್ಲಿ 'ಪರಿಸರಸ್ನೇಹಿ ವಿಧಾನ' ಅಂತ ದಪ್ಪಕ್ಷರದಲ್ಲಿ ಇರುತ್ತೆ.

ಈ ಪ್ರಯೋಗ ನನಗೂ ಇಷ್ಟವೇ. ಬಳ್ಳಾರಿಯಲ್ಲಿ ಪಾಠ ಮಾಡುವ ನನ್ನಂಥವರಿಗೆ, ಇಷ್ಟು ಕಡಿಮೆ ಖರ್ಚಿನಲ್ಲಿ ಮಕ್ಕಳ ಕಣ್ಣೆದುರೇ ಏನೋ ಆಗುವಂಥ ಪ್ರಯೋಗಗಳು ಜಾಸ್ತಿ ಇಲ್ಲ. ಆದರೆ ಸೊಪ್ಪು ಹಾಕಿದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ತೋರಿಸಿ ಅಂತೀನಿ. ಅದಕ್ಕೇ ನನಗೆ 'ಲೆಕ್ಕದ ಮೇಡಂ' ಅಂತ ಹೆಸರು ಬಿದ್ದಿದೆ, ಕಲಿಸುವುದು ಕೆಮಿಸ್ಟ್ರಿ ಆದರೂ.

ಈ ವರ್ಷ ಒಬ್ಬ ಹುಡುಗ ಹೊಸ ಐಡಿಯಾ ತಂದ. "ಮೇಡಂ, ಒಂದು ಲೋಹ ಎಲ್ಲಾರೂ ಮಾಡ್ಯಾರ. ನಾವು ಎರಡು ಸೇರಿಸಿ ಮಾಡೋಣ್ರಿ. ಸೊಪ್ಪು ಬಳ್ಳಾರಿ ಜಾಲೀದು. ಊರ ತುಂಬ ಐತಿ, ಯಾರೂ ಕೇಳೋರಿಲ್ಲ."

ಎರಡು ಲೋಹ ಯಾಕೆ ಅಂತ ಕೇಳಿದೆ. "ಪೇಪರ್ ಜಲ್ದಿ ಆಗ್ತದ್ರಿ" ಅಂದ. ಪ್ರಾಮಾಣಿಕ ಉತ್ತರ ಅಂತ ಖುಷಿಯಾಯಿತು.

ನಿಜವಾದ ಕಾರಣ ಇದಕ್ಕಿಂತ ಚೆನ್ನಾಗಿದೆ. ಈ ಕಣಗಳನ್ನು ಬಳಸುವುದು ವೇಗವರ್ಧಕವಾಗಿ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತುವಾಗಿ. ಆ ಕೆಲಸವೆಲ್ಲ ನಡೆಯುವುದು ಮೇಲ್ಮೈಯಲ್ಲಿ. ಒಳಗೆ ಕೂತ ಪರಮಾಣು ಸುಮ್ನೆ ಜಾಗ ತುಂಬುತ್ತೆ, ದುಡ್ಡು ಮಾತ್ರ ಹೊರಗಿನದ್ದರಷ್ಟೇ. 55 ಪರಮಾಣುಗಳ ಒಂದು ಪುಟ್ಟ ಕಣದಲ್ಲಿ 42 ಹೊರಗಡೆ ಇರುತ್ತವೆ. 309 ಪರಮಾಣುಗಳ ಕಣ ಆದರೆ ಹೊರಗಿರುವುದು 162, ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇನ್ನೂ ದೊಡ್ಡದಾದರೆ ಒಳಗಿನವರದ್ದೇ ರಾಜ್ಯ. ಆದ್ದರಿಂದ ಒಳಗೆ ಅಗ್ಗದ ಲೋಹ ಇಟ್ಟು, ಮೇಲೆ ಪಲ್ಲೇಡಿಯಂ, ಚಿನ್ನದಂಥ ದುಬಾರಿ ಲೋಹವನ್ನು ತೆಳ್ಳಗೆ ಸುತ್ತಿದರೆ ಉಳಿತಾಯ. ಹೋಳಿಗೆಯಲ್ಲಿ ಹೂರಣ ಇರುವ ಹಾಗೆ, ಆದರೆ ಇಲ್ಲಿ ಬೆಲೆ ಇರುವುದು ಕಣಕಕ್ಕೆ.

ಉಳಿತಾಯ ಒಂದೇ ಅಲ್ಲ. ಎರಡು ಲೋಹ ಅಕ್ಕಪಕ್ಕ ಕೂತಾಗ ಒಂದರ ಎಲೆಕ್ಟ್ರಾನ್ ಮೇಲೆ ಇನ್ನೊಂದರ ಪ್ರಭಾವ ಬೀಳುತ್ತೆ. ಪರಮಾಣುಗಳ ನಡುವಿನ ಅಂತರ ಒಂಚೂರು ಹಿಗ್ಗುತ್ತೆ ಅಥವಾ ಕುಗ್ಗುತ್ತೆ. ಅಣುಗಳು ಮೇಲ್ಮೈಗೆ ಎಷ್ಟು ಗಟ್ಟಿಯಾಗಿ ಅಂಟಬೇಕು ಅನ್ನುವುದು ಇದರಿಂದ ಬದಲಾಗುತ್ತೆ. ತೀರಾ ಗಟ್ಟಿಯಾಗಿ ಅಂಟಿದರೆ ಬಿಟ್ಟು ಹೋಗುವುದಿಲ್ಲ, ತೀರಾ ಸಡಿಲ ಆದರೆ ಕೆಲಸವೇ ಆಗುವುದಿಲ್ಲ. 2006ರಲ್ಲಿ ಗ್ರಹಾಂ ಹಚಿಂಗ್ಸ್ ಅವರ ಕಾರ್ಡಿಫ್ ತಂಡ ಚಿನ್ನ–ಪಲ್ಲೇಡಿಯಂ ಜೋಡಿಯನ್ನು ಟೈಟಾನಿಯಂ ಡೈಆಕ್ಸೈಡ್ ಮೇಲೆ ಕೂರಿಸಿ, ದ್ರಾವಕವೇ ಇಲ್ಲದೆ, ಆಕ್ಸಿಜನ್ ಹಾಯಿಸಿ ಆಲ್ಕೋಹಾಲ್‌ಗಳನ್ನು ಆಲ್ಡಿಹೈಡ್ ಮಾಡಿ ತೋರಿಸಿತು. ಒಂಟಿಯಾಗಿ ಯಾವ ಲೋಹವೂ ಅಷ್ಟು ಚುರುಕಾಗಿ ಮಾಡದ ಕೆಲಸ ಅದು. ನೈಟ್ರಿಕ್ ಆಮ್ಲದ ಕಾರ್ಖಾನೆಗಳಲ್ಲಿ ಪ್ಲಾಟಿನಂ–ರೋಡಿಯಂ ಜಾಲರಿ ಬಹಳ ಹಿಂದಿನಿಂದ ಇದೆ. ಹಾಗಾಗಿ ಜೋಡಿ ಲೋಹ ಹೊಸ ಫ್ಯಾಷನ್ ಏನೂ ಅಲ್ಲ. ಅದನ್ನು ನೀರಿನಲ್ಲಿ, ಸೌಮ್ಯವಾಗಿ, ಕಡಿಮೆ ಕಸ ಮಾಡಿ ತಯಾರಿಸುವುದು ಹೇಗೆ ಅನ್ನುವುದು ಈಗಿನ ಪ್ರಶ್ನೆ.

ಇಲ್ಲಿ ಸಸ್ಯ ಬರುತ್ತೆ. ಎಲೆ, ಸಿಪ್ಪೆಗಳಲ್ಲಿ ಇರುವ ಪಾಲಿಫಿನಾಲ್‌ಗಳು ಎಲೆಕ್ಟ್ರಾನ್ ಕೊಡುತ್ತವೆ, ಲೋಹದ ಅಯಾನು ಲೋಹವಾಗುತ್ತೆ. ಅವೇ ಅಣುಗಳು ಕಣದ ಸುತ್ತ ಅಂಟಿಕೊಂಡು ಒಂದಕ್ಕೊಂದು ಗಂಟು ಬೀಳದ ಹಾಗೆ ನೋಡಿಕೊಳ್ಳುತ್ತವೆ. ಜಾಲಿ ಸೊಪ್ಪಿಗಿಂತ ದಾಳಿಂಬೆ ಸಿಪ್ಪೆ ತಗೊಳ್ಳೋಣ ಅಂದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟಗಳಿವೆ. ಜ್ಯೂಸ್ ಅಂಗಡಿಯವರು ಸಿಪ್ಪೆಯನ್ನು ಬಕೆಟ್ ಗಟ್ಟಲೆ ಎಸೆಯುತ್ತಾರೆ. ಅದರಲ್ಲಿ ಟ್ಯಾನಿನ್ ಅನ್ನುವ ಪಾಲಿಫಿನಾಲ್ ಸಿಕ್ಕಾಪಟ್ಟೆ, ಬಾಯಿಗಿಟ್ಟರೆ ನಾಲಿಗೆ ಒಗರಿಗೆ ಮುದುಡುತ್ತೆ. ಜಾಲಿ ಬಗ್ಗೆ ನನಗೆ ಬೇರೆ ಯೋಚನೆ ಇತ್ತು, ಆಮೇಲೆ ಹೇಳುತ್ತೇನೆ.

ಮೊದಲು ಚಿನ್ನ–ಬೆಳ್ಳಿ ಮಾಡಿ ಕಲಿಯಲಿ ಅಂತ ಬಿಟ್ಟೆ. ಚಿನ್ನದ ಉಪ್ಪು ನಮ್ಮಲ್ಲಿ ಬೀಗ ಹಾಕಿದ ಬೀರುವಿನಲ್ಲಿರುತ್ತೆ. ಅದನ್ನು ತೆಗೆಯಲು ಸ್ಟೀಲ್ ಚಮಚ ಹಾಕಬಾರದು, ಚಮಚದ ಮೇಲೇ ಚಿನ್ನ ಕೂತುಬಿಡುತ್ತೆ. ಹುಡುಗ ಎರಡೂ ದ್ರಾವಣಗಳನ್ನು ಒಂದೇ ಬೀಕರಿಗೆ ಸುರಿದ. ತಕ್ಷಣ ಮಜ್ಜಿಗೆ ಬಣ್ಣದ ಮೋಡ. "ಬಂತ್ರಿ ಮೇಡಂ!" ಅಂದ. ಬಂದದ್ದು ಸಿಲ್ವರ್ ಕ್ಲೋರೈಡ್. ಚಿನ್ನದ ಉಪ್ಪಿನಲ್ಲಿ ಕ್ಲೋರೈಡ್ ಇರುತ್ತೆ, ಬೆಳ್ಳಿಗೆ ಅದು ಕಂಡರೆ ಸಾಕು, ಕೈ ಹಿಡಿದು ತಳ ಸೇರುತ್ತೆ. ಬಳ್ಳಾರಿಯ ಬೋರ್‌ವೆಲ್ ನೀರಿನಲ್ಲಿ ಗಾಜು ತೊಳೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡದೆ ಬಿಟ್ಟರೂ ಇದೇ ಕಥೆ. ಪ್ರಕಟವಾದ ಎಷ್ಟೋ 'ಚಿನ್ನ–ಬೆಳ್ಳಿ' ಕೆಲಸಗಳನ್ನು ಓದುವಾಗ ಈ ಕ್ಲೋರೈಡನ್ನು ಏನು ಮಾಡಿದರು ಅಂತ ಹುಡುಕುತ್ತೇನೆ. ಕೆಲವರು ದ್ರಾವಣವನ್ನು ತುಂಬಾ ತೆಳು ಮಾಡಿರುತ್ತಾರೆ, ಅದು ಸರಿ. ಕೆಲವರು ಆ ಸುದ್ದಿಯನ್ನೇ ಎತ್ತಿರುವುದಿಲ್ಲ.

ಸರಿಯಾಗಿ ಆಯಿತೋ ಇಲ್ಲವೋ ಅಂತ ನಮ್ಮ ಹಳೆಯ ಯುವಿ ಮಷಿನ್ (ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತೆ ಅಂತ ಗೆರೆ ಎಳೆದು ತೋರಿಸುವ ಯಂತ್ರ) ಕೂಡ ಹೇಳುತ್ತೆ. ಬೆಳ್ಳಿಯ ಕಣಗಳು 400 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳಕು ಹೀರುತ್ತವೆ, ಚಿನ್ನದವು 520ರ ಹತ್ತಿರ. ಎರಡೂ ಒಂದೇ ಕಣದಲ್ಲಿ ಬೆರೆತಿದ್ದರೆ ನಡುವೆ ಒಂದೇ ಒಂದು ಶಿಖರ. ಚಿನ್ನ ಹೆಚ್ಚಿಸಿದ ಹಾಗೆ ಅದು ಕೆಂಪಿನ ಕಡೆ ಜರುಗುತ್ತೆ. ಎರಡು ಶಿಖರ ಕಂಡರೆ ಬೆರೆತಿಲ್ಲ: ಒಂದರ ಮೇಲೊಂದು ಪದರವಾಗಿರಬಹುದು, ಇಲ್ಲವೇ ಬೇರೆ ಬೇರೆ ಕಣಗಳೇ ಆಗಿರಬಹುದು. ಅಷ್ಟರಿಂದಾಚೆ ತಿಳಿಯಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅದಕ್ಕೆ ಸ್ಯಾಂಪಲ್ ಬೇರೆ ಊರಿಗೆ ಕಳಿಸಿ, ದುಡ್ಡು ಕಟ್ಟಿ, ಕಾಯಬೇಕು. ಅಂದಹಾಗೆ, ಪೇಪರುಗಳಲ್ಲಿ ರೂಂ ಟೆಂಪರೇಚರ್ ಅಂದರೆ 25 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ರೂಂ ಟೆಂಪರೇಚರ್ ಏನು ಅಂತ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಅವರಿಗೆ ಗಂಟೆ ಹಿಡಿದದ್ದು ನಮ್ಮಲ್ಲಿ ಬೇಗ ಮುಗಿದರೆ ಅದಕ್ಕೆ ದಾಳಿಂಬೆಯ ಮಹಿಮೆ ಅನ್ನುವ ಹಾಗಿಲ್ಲ.

ದೊಡ್ಡ ತೊಡಕು ಇರುವುದು ಅಗ್ಗದ ಲೋಹಗಳಲ್ಲಿ. ಚಿನ್ನ, ಪಲ್ಲೇಡಿಯಂ, ಬೆಳ್ಳಿ ಇವು ಎಲೆಕ್ಟ್ರಾನ್ ಕೊಟ್ಟರೆ ಖುಷಿಯಾಗಿ ತಗೊಳ್ಳುತ್ತವೆ. ಎಲೆಕ್ಟ್ರಾನ್ ತಗೊಳ್ಳುವ ಆಸೆಯ ಅಳತೆಗೆ ರಿಡಕ್ಷನ್ ಪೊಟೆನ್ಷಿಯಲ್ ಅಂತೀವಿ. ಬೆಳ್ಳಿಯದ್ದು 0.80 ವೋಲ್ಟ್. ತಾಮ್ರದ್ದು 0.34, ಅಲ್ಲೇ ಕಷ್ಟ ಶುರು. ಕಬ್ಬಿಣದ್ದು ಮೈನಸ್ 0.44. ಸೊಪ್ಪಿನ ನೀರು ಕಬ್ಬಿಣವನ್ನು ಅಷ್ಟು ಸುಲಭವಾಗಿ ಲೋಹ ಮಾಡುವುದಿಲ್ಲ. ಆದರೆ ಕಬ್ಬಿಣದ ಉಪ್ಪಿಗೆ ದಾಳಿಂಬೆ ಸಿಪ್ಪೆಯ ನೀರು ಹಾಕಿದ ಕೂಡಲೇ ಕಡುಗಪ್ಪು ಬಣ್ಣ ಬರುತ್ತೆ. 'ಶೂನ್ಯ ವೇಲೆನ್ಸಿಯ ಕಬ್ಬಿಣದ ನ್ಯಾನೊಕಣ ಸಿದ್ಧ' ಅಂತ, ಅಂದರೆ ಅಪ್ಪಟ ಲೋಹವೇ ಆಯಿತು ಅಂತ, ಬರೆದುಬಿಡುತ್ತಾರೆ. ಅದು ಮಸಿ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ನಮ್ಮ ಹಿರಿಯರು ಬರೆಯಲು ಮಾಡಿಕೊಳ್ಳುತ್ತಿದ್ದರಲ್ಲ, ಅದೇ ಕಬ್ಬಿಣ–ಟ್ಯಾನಿನ್ ಸಂಯುಕ್ತ. ಹುಡುಗನ ಕೈಗೆ ಹಳೇ ಸ್ಪೀಕರಿನ ಮ್ಯಾಗ್ನೆಟ್ ಕೊಟ್ಟು ಬಾಟಲಿಗೆ ಹಿಡಿ ಅಂದೆ. ಕಪ್ಪು ನೀರು ಜಗ್ಗಲಿಲ್ಲ. ಕಬ್ಬಿಣದ ಲೋಹ ಆಗಿದ್ದರೆ ಮ್ಯಾಗ್ನೆಟ್ ಕಡೆ ಸರಿಯಬೇಕಿತ್ತು, ಆಮ್ಲ ಹಾಕಿದರೆ ಹೈಡ್ರೋಜನ್ ಗುಳ್ಳೆ ಏಳಬೇಕಿತ್ತು. ಎರಡೂ ಇಲ್ಲ.

ಈಗ ಲೆಕ್ಕ. 100 ಮಿಲಿ ಲೀಟರ್‌ನ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್‌ನಲ್ಲಿ ಇರುವ ಬೆಳ್ಳಿ ಸುಮಾರು 11 ಮಿಲಿಗ್ರಾಂ. ಅಷ್ಟೂ ಕಣವಾಯಿತು ಅಂತಲೇ ಇಟ್ಟುಕೊಳ್ಳಿ. ಸೆಂಟ್ರಿಫ್ಯೂಜ್‌ನಲ್ಲಿ ಹಾಕಿ, ಗಿರಗಿರ ತಿರುಗಿಸಿ ಕಣಗಳನ್ನು ತಳಕ್ಕೆ ಇಳಿಸಿ, ಮೂರು ಸಲ ಅಷ್ಟಷ್ಟೇ ನೀರಿನಲ್ಲಿ ತೊಳೆದರೆ ಒಟ್ಟು 400 ಮಿಲಿ ನೀರು. ಅಂದರೆ ಸಿಕ್ಕಿದ ಬೆಳ್ಳಿಯ ಸುಮಾರು 37,000 ಪಟ್ಟು ತೂಕದ ನೀರು ಚೆಲ್ಲಿದಂತಾಯಿತು. ರೋಜರ್ ಶೆಲ್ಡನ್ 1992ರಲ್ಲಿ 'ಇ-ಫ್ಯಾಕ್ಟರ್' ಅಂತ ಒಂದು ಅಳತೆ ಕೊಟ್ಟರು. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ ಅಂತ. ಔಷಧ ಕಂಪನಿಗಳದ್ದೇ ಜಾಸ್ತಿ, ಅಲ್ಲಿ 25ರಿಂದ 100. ಶೆಲ್ಡನ್ ನೀರನ್ನು ಲೆಕ್ಕದಿಂದ ಬಿಟ್ಟಿದ್ದರು ಅನ್ನುವುದು ನಿಜ. ಆದರೆ ಡಿಸ್ಟಿಲ್ಡ್ ವಾಟರ್ ಆಕಾಶದಿಂದ ಬೀಳುವುದಿಲ್ಲವಲ್ಲ. ಒಂದು ಲೀಟರ್ ನೀರನ್ನು ಕುದಿಸಿ ಆವಿ ಮಾಡುವುದಕ್ಕೇ ಸುಮಾರು 0.7 ಯೂನಿಟ್ ಕರೆಂಟು ಬೇಕು. ಆ ಆವಿಯನ್ನು ತಣ್ಣಗೆ ಮಾಡಲು ಇನ್ನಷ್ಟು ಲೀಟರ್ ನಲ್ಲಿ ನೀರು ಚರಂಡಿಗೆ ಹೋಗುತ್ತೆ. ಬೇಸಿಗೆಯ ಬಳ್ಳಾರಿಯಲ್ಲಿ ಇದನ್ನು ನೋಡುತ್ತ ನಿಂತರೆ ಹೊಟ್ಟೆ ಉರಿಯುತ್ತೆ. ಈಗ ಆ ನೀರನ್ನು ಡ್ರಮ್ಮಿಗೆ ಬಿಟ್ಟು ಗಾಜು ತೊಳೆಯಲು ಬಳಸುತ್ತೇವೆ.

ಚಿನ್ನ ಅಂಟಿದ ಗಾಜನ್ನು ಶುದ್ಧ ಮಾಡುವುದು ಯಾವುದರಲ್ಲಿ? ಆಕ್ವಾ ರೀಜಿಯಾದಲ್ಲಿ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ, ಮೇಲೆ ಕಂದು ಹೊಗೆ. ತುಳಸಿ ನೀರಿನ ಪ್ರಯೋಗದ ಕೊನೆಗೆ ಇದು ಬರುತ್ತೆ ಅಂತ ಯಾವ ರಿಪೋರ್ಟಿನಲ್ಲೂ ನಾನು ಓದಿಲ್ಲ. ಇನ್ನು ಆ ಚಿನ್ನ ಬಂದದ್ದಾದರೂ ಎಲ್ಲಿಂದ? ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುವುದನ್ನು ನೋಡಿದರೆ ಗೊತ್ತಾಗುತ್ತೆ. ಟನ್ನುಗಟ್ಟಲೆ ಕಲ್ಲು ಅರೆದು, ಸಯನೈಡ್ ದ್ರಾವಣದಲ್ಲಿ ಕರಗಿಸಿ, ಟನ್ನಿಗೆ ಕೆಲವೇ ಗ್ರಾಂ. ಒಂದು ಗ್ರಾಂ ಬಾಟಲಿಯ ಹಿಂದೆ ಅಷ್ಟು ಇದೆ. ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರಕ್ಕೆ 12 ಸೂತ್ರ ಬರೆದರು. ಮೊದಲನೆಯದೇ ಕಸ ಆಗದಂತೆ ನೋಡಿಕೊಳ್ಳಿ ಅಂತ. ಸೊಪ್ಪು, ಸಿಪ್ಪೆಗೆ ನೇರವಾಗಿ ಸಂಬಂಧಪಟ್ಟದ್ದು ಅದರಲ್ಲಿ ಒಂದೋ ಎರಡೋ. ಉಳಿದವನ್ನು ಯಾರು ಓದಬೇಕು?

ಪರೀಕ್ಷೆ ಮಾಡುವ ರೀತಿಯೂ ಹಾಗೇ. ವೇಗವರ್ಧಕ ಕೆಲಸ ಮಾಡುತ್ತಾ ಅಂತ ನೋಡಲು ಎಲ್ಲರೂ ಹಿಡಿಯುವುದು ಪ್ಯಾರಾ-ನೈಟ್ರೋಫಿನಾಲ್ ಅನ್ನುವ, ನೀರು ಕೆಡಿಸುವ ರಾಸಾಯನಿಕವನ್ನು. ಅದಕ್ಕೆ ಎಲೆಕ್ಟ್ರಾನ್ ಕೊಡುವ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಗಾಢ ಹಳದಿ, ಅಷ್ಟೇ, ಹಾಗೇ ನಿಂತಿರುತ್ತೆ. ಒಂದು ತೊಟ್ಟು ನ್ಯಾನೊಕಣ ಬಿದ್ದ ಮೇಲೆ ಹಳದಿ ಕರಗುತ್ತ ಹೋಗುತ್ತೆ. ಯುವಿಯಲ್ಲಿ 400ರ ಶಿಖರ ಇಳಿದು 300ರಲ್ಲಿ ಹೊಸದು ಏಳುತ್ತೆ. ನೋಡಲು ನಿಜವಾಗಲೂ ಚಂದ. ಹುಟ್ಟುವ ಪ್ಯಾರಾ-ಅಮಿನೋಫಿನಾಲ್‌ನಿಂದ ಪ್ಯಾರಾಸಿಟಮಾಲ್ ಮಾಡುತ್ತಾರೆ, ಆದ್ದರಿಂದ ಉಪಯೋಗವೂ ಇದೆ. ಆದರೆ ಲೆಕ್ಕದ ಪ್ರಕಾರ ನಾಲ್ಕು ನೈಟ್ರೋಫಿನಾಲಿಗೆ ಮೂರು ಬೋರೋಹೈಡ್ರೈಡ್ ಸಾಕು. ಹಾಕುವುದು ಒಂದಕ್ಕೆ ನೂರು! ವೇಗ ಅಳೆಯುವುದು ಸುಲಭವಾಗಲಿ ಅಂತ. ವೇಗವರ್ಧಕಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಇದು ತಪ್ಪಲ್ಲ. ಇದನ್ನೇ ನೀರು ಶುದ್ಧೀಕರಣ ಅಂತ ಕರೆದಾಗ ನನಗೆ ಸಿಟ್ಟು ಬರುತ್ತೆ.

ನನ್ನ ಮೈದುನನಿಗೆ ಜೀನ್ಸ್ ಹೊಲಿಸುವ ಕೆಲಸ ಇದೆ. ಹೊಲಿದ ಪ್ಯಾಂಟುಗಳನ್ನು ವಾಷಿಂಗಿಗೆ ಕಳಿಸುತ್ತಾನೆ. ಅಲ್ಲಿಂದ ಹೊರಬರುವ ನೀರು ನೀಲಿ. ಒಂದು ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೇಳಿದ, "ಅತ್ತಿಗೆ, ನಿಮ್ಮ ಬೆಳ್ಳಿ ಪುಡಿ ಹಾಕಿದ್ರೆ ಬಣ್ಣ ಹೋಗ್ತದಂತಲ್ಲ? ನಮ್ಮ ನೀರಿಗೆ ಹಾಕಬಾರದಾ?"

ಬಣ್ಣ ಹೋಗುತ್ತಪ್ಪ, ಬಣ್ಣದ ಪದಾರ್ಥ ಹೋಗಲ್ಲ ಅಂದೆ. ಅವನಿಗೆ ವಿವರಿಸುವುದು ಸುಲಭವಾಯಿತು, ಯಾಕೆಂದರೆ ಇಂಡಿಗೋ ಡೈಯಿಂಗ್ ಅವನು ಕಣ್ಣಾರೆ ಕಂಡವನು. ಇಂಡಿಗೋ ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಕೊಟ್ಟರೆ ಹಳದಿ–ಹಸಿರಿನ ಲ್ಯೂಕೋ ರೂಪವಾಗಿ ಕರಗುತ್ತೆ. ನೂಲನ್ನು ಅದರಲ್ಲಿ ಅದ್ದಿ ಮೇಲೆತ್ತಿದರೆ ಗಾಳಿ ತಾಗಿ ನೋಡನೋಡುತ್ತಲೇ ನೀಲಿ ಆಗುತ್ತೆ. ಬೋರೋಹೈಡ್ರೈಡ್ ಮತ್ತು ಬೆಳ್ಳಿ ಹಾಕಿ ನೀಲಿ ತೆಗೆದರೂ ಅದೇ ಲ್ಯೂಕೋ. ಕಾಲುವೆಗೆ ಹೋಗಿ ಗಾಳಿ ಕುಡಿದರೆ ಮತ್ತೆ ನೀಲಿ.

ಲ್ಯಾಬಿನಲ್ಲಿ ಇದನ್ನೇ ಮೆಥಿಲೀನ್ ಬ್ಲೂ ಜೊತೆ ಮಾಡಿ ನೋಡಿದೆವು. 'ನಿಮಿಷಗಳಲ್ಲಿ ಬಣ್ಣದ ವಿಘಟನೆ' ಅಂತ ಎಷ್ಟೋ ಪೇಪರುಗಳಲ್ಲಿ ಬರುವ ಬಣ್ಣ ಅದು. ನೀಲಿ ಹೋಗಿ ತಿಳಿಯಾಯಿತು. ಬೋರೋಹೈಡ್ರೈಡ್ ಸತ್ತುಹೋಗಲಿ ಅಂತ ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಮುಚ್ಚಳ ತೆಗೆದು, ಮತ್ತೆ ಹಾಕಿ, ಬಾಟಲಿ ಚೆನ್ನಾಗಿ ಅಲುಗಾಡಿಸು ಅಂದೆ. ಕತ್ತಿನ ಹತ್ತಿರ, ನೊರೆ ಇದ್ದ ಕಡೆ, ಮೊದಲು ನೀಲಿ ಕಂಡಿತು. ಆಮೇಲೆ ಕೆಳಗಿಳಿಯಿತು. ಹುಡುಗ ನನ್ನ ಮುಖ ನೋಡಿದ. ಪಿಯುಸಿ ಮಕ್ಕಳಿಗೆ ತೋರಿಸುವ ನೀಲಿ ಬಾಟಲಿ ಆಟ ಇದು, ಅಷ್ಟೇ. ಮೆಥಿಲ್ ಆರೆಂಜ್‌ನಂಥ ಅಜೋ ಬಣ್ಣಗಳು ಹೀಗೆ ವಾಪಸ್ ಬರುವುದಿಲ್ಲ, ನಡುವೆ ತುಂಡಾಗುತ್ತವೆ. ಆದರೆ ತುಂಡುಗಳು ಆರೊಮ್ಯಾಟಿಕ್ ಅಮೀನ್‌ಗಳು, ಕೆಲವು ಮೂಲ ಬಣ್ಣಕ್ಕಿಂತ ಕೆಟ್ಟವು. ಕಣ್ಣಿಗೆ ಕಾಣುವುದಿಲ್ಲ ಅನ್ನುವುದೊಂದೇ ಸಮಾಧಾನ.

ಹಾಗಾದರೆ ಬಣ್ಣವನ್ನು ಒಡೆಯುವುದು ಹೇಗೆ? ಎಲೆಕ್ಟ್ರಾನ್ ಕೊಡುವ ಬದಲು ಕಿತ್ತುಕೊಳ್ಳಬೇಕು, ಅಂದರೆ ಆಕ್ಸಿಡೇಷನ್. ಫೆಂಟನ್ ಅನ್ನುವವರು 1894ರಲ್ಲೇ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೋಡಿಯ ಶಕ್ತಿ ತೋರಿಸಿದ್ದರು. ಕಬ್ಬಿಣದ ಜೊತೆ ತಾಮ್ರ ಸೇರಿದರೆ, ಎಲೆಕ್ಟ್ರಾನ್ ಕೊಟ್ಟು ಮುಗಿದ ಕಬ್ಬಿಣ (ಫೆರಿಕ್) ಮತ್ತೆ ಕೊಡಬಲ್ಲ ರೂಪಕ್ಕೆ (ಫೆರಸ್) ಬರಲು ತಾಮ್ರ ಕೈ ಜೋಡಿಸುತ್ತೆ. ಇಲ್ಲಿ ಎರಡು ಲೋಹಕ್ಕೆ ನಿಜವಾದ ಕೆಲಸ ಇದೆ. ದುಬಾರಿ ಲೋಹ ಬೇಡ. ಪೆರಾಕ್ಸೈಡ್ ಕೊನೆಗೆ ನೀರು, ಆಕ್ಸಿಜನ್ ಆಗುತ್ತೆ. ಟ್ಯಾನಿನ್ ಕೂಡ ಫೆರಿಕ್ಕನ್ನು ಫೆರಸ್ ಮಾಡುವುದರಿಂದ, ನಾವು 'ಮಸಿ' ಅಂತ ಬೈದ ಕಪ್ಪು ನೀರಿಗೂ ಕೆಲಸ ಸಿಗುತ್ತೆ. ಅದನ್ನು ಮಸಿ ಅಂತಲೇ ಬರೆದು ಬಳಸೋಣ ಅಂತ ಹುಡುಗನಿಗೆ ಹೇಳಿದ್ದೇನೆ.

ಜಾಲಿ ಈಗ ಬರುತ್ತೆ. ಅಮೆರಿಕ ಖಂಡದಿಂದ ಬಂದು ನಮ್ಮ ಊರ ಹೆಸರನ್ನೇ ಇಟ್ಟುಕೊಂಡ ಗಿಡ. ಅದರ ಇದ್ದಿಲು ಎಲ್ಲ ಕಡೆ ಸಿಗುತ್ತೆ. ಆ ಇದ್ದಿಲಿಗೆ ಕಬ್ಬಿಣ, ತಾಮ್ರದ ಉಪ್ಪು ಕುಡಿಸಿ ಕಾಯಿಸಿದರೆ ಇಂಗಾಲವೇ ಲೋಹವನ್ನು ಬಿಡಿಸುತ್ತೆ. ಕಬ್ಬಿಣದ ಅದಿರಿನ ಜಿಲ್ಲೆಯವರಿಗೆ ಹೊಸ ವಿಷಯ ಅಲ್ಲ ಇದು. ಕಣಗಳು ಇದ್ದಿಲಿನಲ್ಲಿ ಕೂತಿರುವುದರಿಂದ ಸೋಸಿ ವಾಪಸ್ ತೆಗೆಯಬಹುದು, ಕಬ್ಬಿಣ ಇರುವಷ್ಟು ಮ್ಯಾಗ್ನೆಟ್ಟಿಗೂ ಬರಬಹುದು. ಸೆಂಟ್ರಿಫ್ಯೂಜ್ ಬೇಡ, ಮೂರು ಸಲದ ತೊಳೆತ ಬೇಡ. ಬೆಳ್ಳಿಯ ಭಯವೂ ಇಲ್ಲ. ಬೆಳ್ಳಿ ಅಯಾನು ಸೋರಿ ಶುದ್ಧೀಕರಣ ತೊಟ್ಟಿಗೆ ಹೋದರೆ ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನೇ ಸಾಯಿಸುತ್ತೆ. ತಾಮ್ರವೂ ಸಾಧು ಅಲ್ಲ, ಆದ್ದರಿಂದ ಸೋಸಿದ ನೀರಿನಲ್ಲಿ ಎಷ್ಟು ತಾಮ್ರ ಉಳಿಯಿತು ಅಂತ ಪ್ರತಿ ಸಲ ಅಳೆಯಬೇಕು. ಫರ್ನೇಸ್ ತಿನ್ನುವ ಕರೆಂಟಿಗೆ ಒಂದು ಮೀಟರ್ ಕೂರಿಸಿದ್ದೇವೆ. ಆ ಅಂಕಿ ಕೂಡ ರಿಪೋರ್ಟಿಗೆ ಹೋಗುತ್ತೆ, ಎಷ್ಟೇ ಬರಲಿ.

ಫಲಿತಾಂಶವನ್ನು ಬಣ್ಣ ನೋಡಿ ಹೇಳುವುದಿಲ್ಲ, ಸಿಒಡಿ ಅಳೆಯುತ್ತೇವೆ. ನೀರಿನಲ್ಲಿರುವ ಕೊಳೆಯನ್ನು ಆಕ್ಸಿಡೈಜ್ ಮಾಡಲು ಎಷ್ಟು ಆಕ್ಸಿಜನ್ ಬೇಕು ಅನ್ನುವ ಅಳತೆ. ತಮಾಷೆ ಏನೆಂದರೆ, ಆ ಪರೀಕ್ಷೆಗೆ ಬೇಕಾದದ್ದು ಡೈಕ್ರೋಮೇಟ್, ಗಂಧಕಾಮ್ಲ, ಸಿಲ್ವರ್ ಸಲ್ಫೇಟ್, ಜೊತೆಗೆ ಪಾದರಸದ ಉಪ್ಪು. ಪರಿಸರ ಕೆಟ್ಟಿದೆಯಾ ಅಂತ ನೋಡಲು ಇಷ್ಟು ವಿಷ. ಅದರ ಕಸಕ್ಕೆ ಬೇರೆ ಕ್ಯಾನ್, ಬೇರೆ ಲೇಬಲ್. ಸಿಂಕಿಗೆ ಸುರಿದವರಿಗೆ ಇಂಟರ್ನಲ್ ಮಾರ್ಕ್ಸ್ ಕಟ್.

ಸದ್ಯ ನಮಗೆ ಬೇಕಾಗಿರುವುದು ನಿಜವಾದ ನೀರು. ಡಿಸ್ಟಿಲ್ಡ್ ವಾಟರಿನಲ್ಲಿ ಬಣ್ಣ ಕರಗಿಸಿ ಮಾಡಿದರೆ ಎಲ್ಲವೂ ಕೆಲಸ ಮಾಡುತ್ತೆ. ಜೀನ್ಸ್ ನೀರಿನಲ್ಲಿ ಗಂಜಿ, ನೂಲಿನ ದೂಳು, ಪ್ಯೂಮಿಸ್ ಕಲ್ಲಿನ ಪುಡಿ, ಉಪ್ಪು, ಬ್ಲೀಚು ಎಲ್ಲ ಇರುತ್ತೆ. ಪೆರಾಕ್ಸೈಡನ್ನು ಬಣ್ಣಕ್ಕಿಂತ ಮೊದಲು ಇವೇ ತಿಂದುಹಾಕಬಹುದು. ಮೈದುನ ಒಂದು ಕಡೆ ಮಾತಾಡಿದ್ದಾನೆ. ಇನ್ನೂ ಒಂದೆರಡು ಕಡೆಯ ನೀರು ಸಿಕ್ಕರೆ ಹೋಲಿಸಲು ಅನುಕೂಲ. ಬಳ್ಳಾರಿಯಲ್ಲಿ ವಾಷಿಂಗ್ ಯೂನಿಟ್ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಸುಣ್ಣ ಹಾಕುವುದಕ್ಕೆ ಮೊದಲಿನ ನೀರು 5 ಲೀಟರ್ ಕೊಡಿ. ಯಾರದ್ದು ಅಂತ ಎಲ್ಲೂ ಬರೆಯುವುದಿಲ್ಲ. ಕ್ಯಾನ್ ನಾವೇ ತರುತ್ತೇವೆ.